ಬೆಕ್ಕಿಗೂ ಬೇಕು ಟೋಕನ್ನು

"ಬೀದಿ ಬೆಕ್ಕಿಗೆಲ್ಲ ಯಾಕ್ರೀ ಟೋಕನ್ನು, ಚೀಟಿ? ತಂದ ಹಾಗೇ ಒಳಗೆ ಕಳಿಸಿದ್ರಾಯ್ತು" ಅನ್ನೋರಿಗೆ ಈ ಮಾತು. ಸಂತಾನಹರಣ ಕ್ಯಾಂಪಲ್ಲಿ ಕೆಲ್ಸ ಕೆಡೋದು ಡಾಕ್ಟ್ರ ಮೇಜಿನ ಮೇಲಲ್ಲ, ಗೇಟಲ್ಲಿ.

ಪೀಣ್ಯದ ಕಾರ್ಖಾನೆ ಕ್ಯಾಂಟೀನ್ ಹಿಂದಿನ ಬೆಕ್ಕೂ ಕಪ್ಪು, ವೈಟ್‌ಫೀಲ್ಡ್ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನದೂ ಕಪ್ಪು. ಹಿಡಿದ ಜಾಗ ಬರೆದು ಬೋನಿಗೆ ಕಟ್ಟದಿದ್ರೆ ವಾಪಸ್ ಬಿಡೋದೆಲ್ಲಿಗೆ? ಗೊತ್ತಿಲ್ಲದ ಬೀದೀಲಿ ಅದಕ್ಕೆ ಊಟನೂ ಇಲ್ಲ, ಅಡಗೋ ಮೂಲೆನೂ ಇಲ್ಲ. ಹೊಟ್ಟೆ ತುಂಬಿದ ಬೆಕ್ಕಿಗೆ ಅರಿವಳಿಕೆ ಕೊಟ್ರೆ, ವಾಂತಿ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತು. ಹಾಲೂಡೋ ತಾಯಿ ಅಂತ ಕೇಳಿ ಬರ್ಕೊಳ್ಳದಿದ್ರೆ, ಅಲ್ಲಿ ಮರಿಗಳು ಹಸಿದು ಒದ್ದಾಡ್ತವೆ. ಆಪರೇಷನ್ ಆದ ಗುರುತಿಗೆ ಕಿವಿ ತುದಿ ಕತ್ತರಿಸಿದ್ದನ್ನ ನೋಡದೆ, ಇನ್ನೊಂದ್ಸಲ ಹೊಟ್ಟೆ ಕೊಯ್ಸೋದಾ? ಗಲಾಟೇಲಿ ವಾಪಸ್ ಹೋದ ಹೆಣ್ಣು ಬೆಕ್ಕು ಬಸಿರಾದ್ರೆ ಸುಮಾರು 65 ದಿನಕ್ಕೆ ಮರಿ ಹಾಕತ್ತೆ.

ಮಾಡ್ಬೇಕಾದ್ದು ಇಷ್ಟೇ: ಹಿಂದಿನ ದಿನವೇ ಒಬ್ಬೊಬ್ಬರಿಗೆ ಒಂದೊಂದು ಟೈಮು ಹೇಳಿ. ಬೋನಿಗೊಂದೇ ಬೆಕ್ಕು, ಮೇಲೊಂದು ಹಳೇ ಬೆಡ್‌ಶೀಟು. ಬೋನಿಗೂ ಪುಸ್ತಕಕ್ಕೂ ಒಂದೇ ನಂಬರು, ಅದರ ಪಕ್ಕ ಜಾಗದ ಹೆಸರು, ತಂದವರ ಫೋನು.

ಸರದಿ ತಪ್ಪಿದ್ರೆ ನಾವು ಜಗಳ ಆಡ್ತೀವಿ. ಬೆಕ್ಕು ಬೋನಲ್ಲಿ ಮುದುಡ್ಕೊಂಡು ಕೂರತ್ತೆ. ಅದರ ಪರವಾಗಿ ಮಾತಾಡೋದು ಆ ಚೀಟಿ ಒಂದೇ ಕಣ್ರೀ.