ಕರಿ ಮೆಹಂದಿ ನಮ್ಮ ಮಕ್ಕಳ ಕೈಗೆ ಬೇಡ

ಧರ್ಮಕೇಂದ್ರದ ಹಬ್ಬ ಹತ್ತಿರ ಬಂತೆಂದರೆ ಹೆಣ್ಣುಮಕ್ಕಳಿಗೆ ಮೆಹಂದಿ ಬೇಕೇ ಬೇಕು. ಅದನ್ನು ನಾವು ಬೇಡವೆನ್ನುವುದಿಲ್ಲ. ಬೇಡವೆನ್ನುವುದು ಕರಿ ಮೆಹಂದಿಯನ್ನು. ತೆಪ್ಪಕಾಡಿನಿಂದ ಗೂಡಲೂರಿಗೆ ಹೋಗಲಿ, ಮಸಿನಗುಡಿ ಹಾದು ಊಟಿಗೆ ಹೋಗಲಿ, ಪ್ರವಾಸಿಗರು ಸೇರುವ ಕಡೆ 'ಅಳಿಸಿಹೋಗುವ ಹಚ್ಚೆ' ಎಂದು ಇದನ್ನು ಬಿಡಿಸುವವರು ಸಿಕ್ಕಾರು. ಅಜ್ಜಿಯರು ಸೂಜಿಯಲ್ಲಿ ಚುಚ್ಚಿಸಿಕೊಂಡ ಹಚ್ಚೆಗಿಂತ ಇದು ವಾಸಿಯೆಂದು ತಾಯಂದಿರೂ ಒಪ್ಪಿಬಿಡುತ್ತಾರೆ.

ಗೋರಂಟಿ ಸೊಪ್ಪಿಗೆ ಚರ್ಮವನ್ನು ಕಪ್ಪು ಮಾಡುವ ಗುಣವಿಲ್ಲ. ಅರೆದು ಹಚ್ಚಿ ಕೆಲವು ಗಂಟೆ ಬಿಟ್ಟರೆ ಮೊದಲು ಕಿತ್ತಳೆ ಬಣ್ಣ, ಮಾರನೆಯ ದಿನ ಕೆಂಗಂದು. ಅರ್ಧ ಗಂಟೆಯಲ್ಲಿ ಕಾಡಿಗೆಯಂತೆ ಕಪ್ಪಾಯಿತೆಂದರೆ ಅದರಲ್ಲಿ ತಲೆಗೂದಲ ಡೈಗೆ ಹಾಕುವ ಪಿ.ಪಿ.ಡಿ. ಎಂಬ ರಾಸಾಯನಿಕ ಬೆರೆಸಿದ್ದಾರೆಂದೇ ಶಂಕಿಸಬೇಕು. ಇದಿರುವ ಡೈ ಪೊಟ್ಟಣದ ಮೇಲೆ, ಮೊದಲು ಸ್ವಲ್ಪ ಹಚ್ಚಿ ಪರೀಕ್ಷಿಸಿ, ಹುಬ್ಬು ರೆಪ್ಪೆಗೆ ಹಚ್ಚಿದರೆ ಕಣ್ಣು ಹೋದೀತು ಎಂಬ ಎಚ್ಚರಿಕೆ ಇರಲೇಬೇಕೆಂದು ನಮ್ಮ ದೇಶದ ಕಾನೂನು ಹೇಳುತ್ತದೆ. ಪೊಟ್ಟಣಕ್ಕೆ ಇಷ್ಟು ಕಟ್ಟಳೆ. ಹೆಸರಿಲ್ಲದ ಕೋನಿನೊಳಗೆ ಏನಿದೆಯೆಂದು ಕೇಳುವವರಿಲ್ಲ!

ಮೋಸವೆಂದರೆ, ಮೊದಲ ಸಲ ಏನೂ ಆಗದೆ ಹೋಗಬಹುದು. ಆದರೆ ದೇಹ ಅದನ್ನು ಶತ್ರುವೆಂದು ಗುರುತಿಟ್ಟುಕೊಂಡಿರುತ್ತದೆ. ಮುಂದಿನ ಸಲ ಒಂದೆರಡು ದಿನದಲ್ಲೇ ತುರಿಕೆ, ಬಾವು. ಬಿಡಿಸಿದ ಹೂಬಳ್ಳಿಯ ಆಕಾರದಲ್ಲೇ ನೀರುಗುಳ್ಳೆಗಳೇಳುತ್ತವೆ. ವಾಸಿಯಾದ ಮೇಲೂ ಕಲೆ ತಿಂಗಳುಗಟ್ಟಲೆ ಉಳಿದೀತು. ಅಲರ್ಜಿಯಂತೂ ಸಾಮಾನ್ಯವಾಗಿ ಆಯುಷ್ಯಪೂರ್ತಿ. 10 ವರ್ಷಕ್ಕೆ ಹಚ್ಚಿಸಿಕೊಂಡ ಹುಡುಗಿ 40ಕ್ಕೆ ತಲೆಗೆ ಡೈ ಹಚ್ಚಿದಾಗ ಮುಖವೆಲ್ಲ ಊದಿಕೊಳ್ಳಬಹುದು.

ತುರಿಕೆ ಶುರುವಾದರೆ ಸೋಪು ನೀರಿನಲ್ಲಿ ತೊಳೆಯಿರಿ. ಗುಳ್ಳೆ ಒಡೆಯಬೇಡಿ, ಸುಣ್ಣ, ಟೂತ್‌ಪೇಸ್ಟ್ ಮೆತ್ತಬೇಡಿ. ವೈದ್ಯರ ಬಳಿ ಹೋದಾಗ 'ಕರಿ ಮೆಹಂದಿ ಹಾಕಿಸಿದ್ದೆವು' ಎಂದು ಮುಚ್ಚಿಡದೆ ಹೇಳಿ. ಮುಖ ಊದಿ ಉಸಿರು ಕಟ್ಟಿದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹಬ್ಬದ ದಿನ ದೇವಾಲಯದ ಅಂಗಳದಲ್ಲಿ ಕರಿ ಮೆಹಂದಿಯ ಅಂಗಡಿಗೆ ಜಾಗ ಕೊಡಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ. ಬಾಡಿಗೆಯ ನಾಲ್ಕು ಕಾಸು ಹೋದರೆ ಹೋಗಲಿ. ಬದಲಿಗೆ ಬೇಲಿಯಲ್ಲೊಂದು ಗೋರಂಟಿ ಬೆಳೆಸಬಹುದು. ಊಟಿಯ ಚಳಿಗೆ ಅದು ಬಾರದು. ಮಸಿನಗುಡಿ ಕಡೆಯ ಒಣಹವೆಗೆ ಒಗ್ಗುತ್ತದೆ. ಮಳೆಗಾಲದಲ್ಲಿ ಪೆನ್ಸಿಲ್ ಗಾತ್ರದ ಕಡ್ಡಿ ನೆಟ್ಟರೆ ಸಾಕು, ಬೇರು ಹಿಡಿದ ಮೇಲೆ ಹೆಚ್ಚು ನೀರು ಬೇಡ. ಕೈಗೂಸುಗಳಿಗೆ ಮಾತ್ರ ಈ ಸೊಪ್ಪನ್ನೂ ಹಚ್ಚಬೇಡಿ. ಕೆಲವು ಕೂಸುಗಳ ರಕ್ತಕ್ಕೆ ಅದು ಆಗುವುದಿಲ್ಲ.