ಉಳಿದ ಶೀಶೆಯ ಹನಿ

2023ರ ಮಳೆಗಾಲದಲ್ಲಿ ಕರ್ನಾಟಕದಲ್ಲೆಲ್ಲ ಕಣ್ಣುಬೇನೆ ಹಬ್ಬಿದ್ದನ್ನು ವಾಚಕರು ಮರೆತಿರಲಾರರು. ಆಗೊಮ್ಮೆ ಬೆಟಗೇರಿಯಲ್ಲಿರುವ ನಮ್ಮ ಆಪ್ತರೊಬ್ಬರ ಮನೆಗೆ ಹೋಗಿದ್ದೆವು. ಮಕ್ಕಳು ಮೊದಲ್ಗೊಂಡು ಅಜ್ಜಿಯವರೆಗೆ ಐವರ ಕಣ್ಣುಗಳೂ ಕೆಂಪಾಗಿದ್ದವು. ಐವರಿಗೂ ಒಂದೇ ಶೀಶೆ! ಅದಾದರೂ ಹಿಂದಿನ ವರುಷ ತಂದು ಉಳಿದದ್ದು. “ನಾಕು ಹನಿ ಅಲ್ರೀ ಮಾಸ್ತರ, ಏನಾಗತೈತ್ರಿ?” ಎಂದು ಯಜಮಾನರು ನಕ್ಕರು.

ಏನಾಗಬಲ್ಲದೆಂಬುದನ್ನು ವಾಚಕರಿಗೂ ನಿವೇದಿಸುತ್ತೇವೆ. ಹಬ್ಬುವ ಕಣ್ಣುಬೇನೆಯು ಬಹುತರವಾಗಿ ವೈರಸ್ಸಿನಿಂದ ಬರತಕ್ಕದ್ದು. ಸಿಪ್ರೊಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್ ಮುಂತಾದ ಆ್ಯಂಟಿಬಯೋಟಿಕ್ ಹನಿಗಳು ಬ್ಯಾಕ್ಟೀರಿಯವನ್ನು ಕೊಲ್ಲುವವೇ ಹೊರತು ವೈರಸ್ಸನ್ನಲ್ಲ. ಕಣ್ಣನ್ನು ಶುಚಿಯಾಗಿಟ್ಟರೆ ಆ ಬೇನೆ ಒಂದೆರಡು ವಾರಗಳಲ್ಲಿ ಪ್ರಾಯಶಃ ತಾನೇ ಶಮನವಾಗುತ್ತದೆ. ಒಬ್ಬರ ಕಣ್ಣಿಗೆ ತಗಲಿದ ಶೀಶೆಯ ತುದಿಯಾದರೋ ಮತ್ತೊಬ್ಬರಿಗೆ ರೋಗವನ್ನೇ ಹಂಚುತ್ತದೆ.

ಹನಿ ಹಾಕಿದೊಡನೆ ತುಸು ಉರಿ, ಕ್ಷಣಕಾಲ ಮಸುಕು, ಗಂಟಲಲ್ಲಿ ಕಹಿ ತೋರುವುದು ಸಾಮಾನ್ಯ. ಔಷಧವು ಮೂಗಿನ ಮಾರ್ಗವಾಗಿ ಗಂಟಲಿಗೆ ಇಳಿಯುವುದೇ ಕಹಿಗೆ ಕಾರಣ. ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲನೆ ಒತ್ತಿಹಿಡಿದರೆ ಅದು ಕಡಿಮೆಯಾಗುವುದು. ಆದರೆ ರೆಪ್ಪೆ ಬಾತು ತುರಿಕೆ ಹೆಚ್ಚಿದರೆ ಔಷಧ ಒಗ್ಗಲಿಲ್ಲವೆಂದು ತಿಳಿದು, ಅದನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮುಖ ಬಾತು ಉಸಿರಾಟಕ್ಕೆ ಕಷ್ಟವಾದರೆ ಕ್ಷಣವೂ ತಡೆಯದೆ ಆಸ್ಪತ್ರೆಗೆ ಹೋಗತಕ್ಕದ್ದು.

ಆ ಶೀಶೆಯ ಚೀಟಿಯನ್ನು ಓದಿ ನೋಡಿದೆವು. ಆ್ಯಂಟಿಬಯೋಟಿಕ್ಕಿನ ಜೊತೆಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡೂ ಅದರಲ್ಲಿ ಕೂಡಿತ್ತು. ಇದು ಕೆಂಪನ್ನು ಬೇಗನೆ ಇಳಿಸುವುದರಿಂದ ಜನರಿಗೆ ಇದರಲ್ಲಿ ನಂಬಿಗೆ ಹೆಚ್ಚು. ವೈದ್ಯರ ನಿಗಾ ಇಲ್ಲದೆ ವಾರಗಟ್ಟಲೆ ಹಾಕಿಕೊಂಡರೆ ಕಣ್ಣಿನೊಳಗಿನ ಒತ್ತಡವೇರಿ ದೃಷ್ಟಿಯ ನರ ಕೆಡಬಹುದು, ಪೊರೆಯೂ ಬರಬಹುದು.

ಅಜ್ಜಿಯವರಿಗೆ ಮಾತ್ರ ಒಂದೇ ಕಣ್ಣು ಕೆಂಪಾಗಿತ್ತು. ನೋವು ಬಹಳ, ದೃಷ್ಟಿಯೂ ಮಂದ. ವಿಚಾರಿಸಲಾಗಿ, ಮುಂಡರಗಿಯ ಕಡೆಯ ಹೆಸರಿನ ಹೊಲದಲ್ಲಿ ಕಳೆ ತೆಗೆಯುವಾಗ ಕಡ್ಡಿ ತಾಗಿತ್ತೆಂದರು. ಅದು ಕಣ್ಣುಬೇನೆಯೇ ಅಲ್ಲ! ಅಂದೇ ಗದುಗಿನ ನೇತ್ರವೈದ್ಯರಲ್ಲಿಗೆ ಕಳುಹಿಸಿದೆವು. ಗಾಯದಲ್ಲಿ ಬೂಷ್ಟು ಬೆಳೆದಿತ್ತು. ಬೂಷ್ಟಿಗೆ ಆ್ಯಂಟಿಬಯೋಟಿಕ್ ನಿಷ್ಫಲ. ಸ್ಟೆರಾಯ್ಡ್ ಎಂದರೆ ಉರಿಯುವ ಬೆಂಕಿಗೆ ತುಪ್ಪ. ತಿಂಗಳುಗಟ್ಟಲೆ ಚಿಕಿತ್ಸೆಯಾಗಿ ಕಣ್ಣು ಉಳಿಯಿತು; ಕರಿಗುಡ್ಡೆಯ ಮೇಲಿನ ಬಿಳಿಯ ಕಲೆಯೂ ಉಳಿಯಿತು.

ಲಕ್ಷ್ಮೇಶ್ವರ, ಶಿರಹಟ್ಟಿಗಳ ಒಕ್ಕಲು ಮನೆಗಳವರು ಇದನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು. ಕಣ್ಣಿಗೆ ಪೆಟ್ಟಾದರೆ, ನೋವಿದ್ದರೆ, ಬೆಳಕು ಸಹಿಸದಿದ್ದರೆ, ದೃಷ್ಟಿ ಮಂದವಾದರೆ ಅದೇ ದಿನ ವೈದ್ಯರನ್ನು ಕಾಣಿರಿ. ಅವರು ಹೇಳಿದಷ್ಟು ದಿನ ಹನಿ ಹಾಕಿರಿ. ಒಬ್ಬರ ಶೀಶೆಯನ್ನು ಮತ್ತೊಬ್ಬರಿಗೆ ಬಳಸದಿರಿ. ಬಾಯಿ ತೆರೆದ ಶೀಶೆಯ ಆಯುಷ್ಯ ಸಾಮಾನ್ಯವಾಗಿ ಒಂದು ತಿಂಗಳು ಮಾತ್ರ. ಇಂದೇ ನಿಮ್ಮ ಕಪಾಟನ್ನೊಮ್ಮೆ ತೆರೆದು ನೋಡಿರೆಂದು ನಮ್ಮ ಬಿನ್ನಹ.