'ಶ್! ಸುಮ್ನಿರು' ಅಂದ್ರೆ ಮಗು ಕಲಿಯೋದೇನು?

ಹೋದ ತಿಂಗಳು ನಮ್ಮ ಹಾಸ್ಟೆಲ್ ರೂಮಿನ ನಾಲ್ವರೂ ಬಿಎಂಟಿಸಿ ಬಸ್ಸಲ್ಲಿ ಮೆಜೆಸ್ಟಿಕ್‌ಗೆ ಹೊರಟಿದ್ವಿ. ನಾಲ್ವರಲ್ಲಿ ಒಬ್ಬ ಮಣಿಪುರದವನು. ಮುಂದಿನ ಸೀಟಿನಲ್ಲಿದ್ದ ನಾಲ್ಕೈದು ವರ್ಷದ ಹುಡುಗಿ ಅವನನ್ನೇ ನೋಡಿ, "ಅಮ್ಮಾ, ಈ ಅಣ್ಣನ ಕಣ್ಣು ಯಾಕೆ ಹಂಗಿದೆ? ಚೈನಾದವ್ರಾ?" ಅಂತ ಜೋರಾಗೇ ಕೇಳಿದಳು. ಅಮ್ಮ ಗಾಬರಿಯಾಗಿ "ಶ್! ಸುಮ್ನಿರು" ಅಂತ ಬಾಯಿ ಮುಚ್ಚಿಸಿದ್ರು. ನಾವು ಕಿಟಕಿ ಆಚೆ ನೋಡಿದ್ವಿ.

ಇಳಿದ ಮೇಲೆ ಅವನು ಹೇಳಿದ: "ಆ ಮಗು ಕೇಳ್ತು, ಪರವಾಗಿಲ್ಲ. ನೀವು ಕೇಳ್ಲೇ ಇಲ್ಲ, ಸೀದಾ ಹೆಸರಿಟ್ಟುಬಿಟ್ರಿ."

ನಿಜ. ಮೊದಲ ವರ್ಷದಲ್ಲಿ ಒಂದಿಡೀ ತಿಂಗಳು ನಾವು ಅವನನ್ನು ಕರೆದದ್ದು ಒಂದು ನೂಡಲ್ಸ್ ಪ್ಯಾಕೆಟ್ಟಿನ ಹೆಸರಿಂದ. ತಮಾಷೆ ಅಂದ್ಕೊಂಡಿದ್ವಿ. ಅವನೂ ನಗ್ತಿದ್ದ. ಮೂರು ಜನರ ಎದುರು ಒಬ್ಬನೇ ಇದ್ದವನು ನಗದೆ ಇನ್ನೇನು ಮಾಡ್ಬೇಕಿತ್ತು?

ಇಂಥ ತಮಾಷೆಯನ್ನು ನಮಗೆ ಯಾರೂ ಕೂರಿಸಿ ಕಲಿಸಿಲ್ಲ. ಆದರೆ "ಬಿಸಿಲಿಗೆ ಹೋಗ್ಬೇಡ, ಕರ್ರಗಾಗ್ತೀಯ" ಅನ್ನೋದನ್ನ ಕೇಳ್ತಾನೇ ಬೆಳೆದಿದ್ದೀವಿ. "ಹುಡುಗಿ ಕಪ್ಪಾದ್ರೂ ಲಕ್ಷಣವಾಗಿದ್ದಾಳೆ" ಅಂತಾರಲ್ಲ, ಆ "ಆದ್ರೂ" ನಮ್ಮ ಕಿವಿಗೂ ಬಿದ್ದಿದೆ. ಡ್ರಾಯಿಂಗ್ ಕ್ಲಾಸಲ್ಲಿ ತಿಳಿ ಗುಲಾಬಿ ಕ್ರೇಯಾನ್‌ಗೆ 'ಸ್ಕಿನ್ ಕಲರ್' ಅಂತಿದ್ವಿ. ಕ್ಲಾಸಲ್ಲಿ ಒಬ್ಬರ ಚರ್ಮವೂ ಆ ಬಣ್ಣದ್ದಾಗಿರಲಿಲ್ಲ. 2020ರಲ್ಲಿ 'ಫೇರ್ ಅಂಡ್ ಲವ್ಲಿ' ತನ್ನ ಹೆಸರಿಂದ 'ಫೇರ್' ತೆಗೆದುಹಾಕಿತು. ನಮ್ಮ ಮನೆಮಾತಿಂದ ಅದಿನ್ನೂ ಹೋಗಿಲ್ಲ.

"ಅಷ್ಟಕ್ಕೆಲ್ಲ ಯಾಕಪ್ಪ ಸೀರಿಯಸ್ ಆಗ್ತೀರ?" ಅನ್ನಬಹುದು. 2014ರ ಜನವರಿಯಲ್ಲಿ ದೆಹಲಿಯ ಲಜಪತ್ ನಗರದಲ್ಲಿ ಅರುಣಾಚಲದ ನಿಡೋ ತಾನಿಯಾ ಹೊಡೆತ ತಿಂದು ತೀರಿಕೊಂಡ. ಹೆಚ್ಚುಕಮ್ಮಿ ನಮ್ಮದೇ ವಯಸ್ಸಿನ ವಿದ್ಯಾರ್ಥಿ. ಜಗಳ ಶುರುವಾಗಿದ್ದು ಅವನ ಕೂದಲನ್ನು ಆಡಿಕೊಂಡಿದ್ದರಿಂದ. ಅದೂ ಮೊದಲು ತಮಾಷೆಯೇ ಆಗಿತ್ತು.

ಮಗುವಿನ ಪ್ರಶ್ನೆಯಲ್ಲಿ ತಪ್ಪಿಲ್ಲ. ವ್ಯತ್ಯಾಸ ಕಣ್ಣಿಗೆ ಕಾಣುತ್ತೆ, ಕೇಳುತ್ತೆ. ಬಾಯಿ ಮುಚ್ಚಿಸಿದ್ರೆ ಅದು ಕಲಿಯೋದು ಒಂದೇ: ಆ ಮುಖದಲ್ಲಿ ಏನೋ ಹೇಳಬಾರದ್ದು ಇದೆ ಅಂತ. ಅದರ ಬದಲು, "ಎಲ್ಲರ ಕಣ್ಣೂ ಒಂದೇ ಥರ ಇರಲ್ಲ ಪುಟ್ಟಿ. ಯಾವ ಊರು ಅಂತ ಅಣ್ಣನ್ನೇ ಕೇಳು" ಅನ್ನಬಹುದಿತ್ತು. ಚೈನಾದವನೇ ಆಗಿದ್ರೂ ಏನೀಗ? ಅದೇನು ಬೈಗುಳವಾ? ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರು. ತಲೆಮಾರುಗಳಿಂದ ಅವರು ಇಲ್ಲಿಯವರೇ. ಕನ್ನಡದವರ ಮುಖ ಹೀಗೇ ಇರಬೇಕು ಅಂತ ಯಾರು ಹೇಳಿದ್ದು? ಇದನ್ನೆಲ್ಲ ಐದು ವರ್ಷದ ಮಗುವಿಗೂ ಹೇಳಬಹುದು.

ನಾವಿನ್ನೂ ಅಪ್ಪ ಅಮ್ಮ ಆಗಿಲ್ಲ, ಸರಿ. ಆದ್ರೆ ನಮಗೆ ತಮ್ಮ ತಂಗಿಯರಿದ್ದಾರೆ, ಅಕ್ಕನ ಮಕ್ಕಳಿದ್ದಾರೆ. ನಾವು ರೂಮಲ್ಲಿ ಆಡೋ ಭಾಷೆಯನ್ನೇ ಅವರು ನಾಳೆ ಸ್ಕೂಲಲ್ಲಿ ಆಡ್ತಾರೆ. ಈ ಸಲ ರಜೆಗೆ ಊರಿಗೆ ಹೋದಾಗ ಯಾರಾದ್ರೂ "ಕಪ್ಪಾದ್ರೂ" ಅಂದ್ರೆ, ದೊಡ್ಡವರೇ ಆಗಿರಲಿ, ಮಕ್ಕಳ ಎದುರೇ ಕೇಳೋಣ: "'ಆದ್ರೂ' ಯಾಕೆ ಅತ್ತೆ?"